ಇರ್ಲಿ ಬಿಡಪಾ

ಅಂಧೇರಿಯ ಚಹಾದಂಗಡಿಗಳಲ್ಲಿ ಚಿತ್ರಕಥೆ ಬರೆಯುವ ಹುಡುಗರ ಬಾಯಲ್ಲಿ ಅಮೆರಿಕದ ನಿಕೋಲ್ ಫೆಲೋಶಿಪ್ಪಿನ ಹೆಸರು ಆಗಾಗ ಬರುತ್ತೆ. ಆಸ್ಕರ್ ಕೊಡುವ ಅಕಾಡೆಮಿ ಹೊಸಬರಿಗಾಗಿ 1986ರಲ್ಲಿ ಶುರು ಮಾಡಿದ ಸ್ಪರ್ಧೆ ಅದು. 1992ರಲ್ಲಿ ಗೆದ್ದ ಸುಸಾನಾ ಗ್ರಾಂಟ್ ಮುಂದೆ ‘ಎರಿನ್ ಬ್ರಾಕೊವಿಚ್’ (2000) ಬರೆದರು. ಗೆದ್ದವರಿಗೆ 35,000 ಡಾಲರ್ ಕೊಟ್ಟು, ವರ್ಷದೊಳಗೆ ಇನ್ನೊಂದು ಚಿತ್ರಕಥೆ ಬರೀರಿ ಅಂತಾರೆ. ಬಾಡಿಗೆಗಾಗಿ ದಿನವಿಡೀ ಸೀರಿಯಲ್ ಸಂಭಾಷಣೆ ಬರೆಯುವ ನನ್ನಂಥವನಿಗೆ ಆ ಒಂದು ವರ್ಷದ ಬೆಲೆ ಚೆನ್ನಾಗಿ ಗೊತ್ತು.

ಆದರೆ ಚಿತ್ರಕಥೆ ಮೂಲದಲ್ಲೇ ಇಂಗ್ಲಿಷಿನದಾಗಿರಬೇಕು, ಅನುವಾದ ನಡೆಯೋದಿಲ್ಲ. ನನ್ನ ಕಥೆಯಲ್ಲಿ, ಹೊಲ ಮಾರಿ ಬಂದ ಮಗನಿಗೆ ಧಾರವಾಡದ ಅವ್ವ ಹೇಳೋದು ಒಂದೇ ಮಾತು: “ಇರ್ಲಿ ಬಿಡಪಾ.” ಸಿಟ್ಟು, ಸಂಕಟ, ಕ್ಷಮೆ ಎಲ್ಲ ಅದರಲ್ಲೇ ಇದೆ. ಅವಳ ಬಾಯಿಗೆ ಇಂಗ್ಲಿಷ್ ತುರುಕೋಕೆ ಮನಸ್ಸು ಒಪ್ಪಲಿಲ್ಲ. ಸೀರಿಯಲ್ ಕೆಲಸ ಮುಗಿದು ರಾತ್ರಿ ಒಂದು ಗಂಟೆ ಪುರುಸೊತ್ತು ಸಿಕ್ಕರೆ, ಕನ್ನಡದಲ್ಲೇ ಬರೀತೀನಿ.