ನಮ್ಮ ಮನೆಯ ಜಾವಾ

ಹಳೆಯ ಸಾಮಾನುಗಳನ್ನು ಬಿಸಾಡಲು ಮನಸ್ಸು ಬಾರದ ಮನೆಗಳಲ್ಲಿ ನಮ್ಮದೂ ಒಂದು. ಕಾಲು ಮುರಿದ ಕುರ್ಚಿ, ತೂತುಬಿದ್ದ ಹಂಡೆ, ಗಂಟೆ ಹೊಡೆಯಲೊಲ್ಲದ ಗಡಿಯಾರ, ಇವೆಲ್ಲವೂ ಹಿತ್ತಿಲ ಸೌದೆಯ ಕೊಟ್ಟಿಗೆಯಲ್ಲಿ ಆಶ್ರಯವನ್ನು ಪಡೆದಿವೆ. ಇವುಗಳ ನಡುವೆ ಒಂದು ಗೋಣಿತಟ್ಟಿನ ಕೆಳಗೆ ನಮ್ಮ ತೀರ್ಥರೂಪರ ಮೋಟಾರು ಸೈಕಲ್ಲು ಹನ್ನೆರಡು ವರ್ಷಗಳ ಕಾಲ ನಿಂತಿದ್ದಿತು. ಅದು 1967ರಲ್ಲಿ ನಮ್ಮ ಮೈಸೂರಿನಲ್ಲಿಯೇ ತಯಾರಾದ 250 ಸಿಸಿಯ ಜಾವಾ. ಅದನ್ನು ದುರಸ್ತು ಮಾಡಿದ ಸಂಗತಿಯನ್ನು ವಾಚಕರಿಗೆ ಅರಿಕೆ ಮಾಡುವ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ತೀರ್ಥರೂಪರು 2009ರಲ್ಲಿ ಕಾಲವಾದರು. ಮರುವರ್ಷ ಮನೆಯ ಪದಾರ್ಥಗಳನ್ನು ಹಂಚಿಕೊಳ್ಳುವಾಗ, ಹಾಸನದಲ್ಲಿರುವ ನಮ್ಮ ಅಣ್ಣಯ್ಯನವರು ತಮಗೆ ಬೇರೇನೂ ಬೇಡ, ಗಾಡಿಯೊಂದನ್ನು ಕೊಟ್ಟರೆ ಸಾಕೆಂದರು. ನಾವು ಕೊಡಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಗಾಡಿ ಮೈಸೂರಿನಲ್ಲಿಯೇ ಇರಬೇಕೆಂದು ಏನೋ ಒಂದು ನೆಪವನ್ನು ಹೇಳಿದೆವು. ಅವರು ಮರುಮಾತಾಡಲಿಲ್ಲ. ಅಂದಿನಿಂದ ಮದುವೆ ಮುಂಜಿಗಳಲ್ಲಿ ಕ್ಷೇಮಸಮಾಚಾರವನ್ನು ಕೇಳುವುದಷ್ಟೇ ನಮ್ಮಿಬ್ಬರ ನಡುವೆ ಉಳಿಯಿತು. ಹಟದಿಂದ ಉಳಿಸಿಕೊಂಡ ವಸ್ತುವನ್ನು ಚೆನ್ನಾಗಿಯಾದರೂ ಇಟ್ಟುಕೊಂಡೆವೇ ಎಂದರೆ ಅದೂ ಇಲ್ಲ. 2022ರ ಮಳೆಗಾಲದಲ್ಲಿ ಏನನ್ನೋ ಹುಡುಕುತ್ತ ಗೋಣಿತಟ್ಟನ್ನು ಎತ್ತಿದಾಗ, ಒಡೆದ ಹೆಂಚಿನಿಂದ ಸೋರಿದ ನೀರು ಎಷ್ಟು ವರ್ಷಗಳಿಂದಲೋ ನೇರವಾಗಿ ಅದರ ಎಂಜಿನ್ನಿನ ಮೇಲೆಯೇ ಬೀಳುತ್ತಿದ್ದುದು ಕಾಣಿಸಿತು. ಸೈಲೆನ್ಸರಿನಲ್ಲಿ ಇರುವೆಗಳು ಸಂಸಾರ ಹೂಡಿದ್ದವು.

ಜಾವಾ ಎಂಬ ಹೆಸರಿನ ವಿಚಾರವಾಗಿ ಒಂದೆರಡು ಮಾತುಗಳನ್ನು ಹೇಳಬಹುದು. ಈ ಕಂಪನಿಯು 1929ರಲ್ಲಿ ಜೆಕೊಸ್ಲೊವಾಕಿಯಾ ದೇಶದಲ್ಲಿ ಹುಟ್ಟಿತು. ಸ್ಥಾಪಕರಾದ ಯಾನೆಚೆಕ್ ಎಂಬವರ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ ಈ ಹೆಸರನ್ನು ಕಟ್ಟಿದರು. ನಮ್ಮ ತಾಯಿಯವರು ಮಾತ್ರ, ಹಿಂದೆ ಸಕ್ಕರೆ ಬರುತ್ತಿದ್ದ ಜಾವಾ ದ್ವೀಪದಿಂದಲೇ ಈ ಗಾಡಿಯೂ ಬಂದಿತೆಂದು ಕಡೆಯವರೆಗೂ ನಂಬಿದ್ದರು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಇದು ತಯಾರಾಗತೊಡಗಿತು. 1970ರ ದಶಕದಲ್ಲಿ ಯೆಜ್ದಿ ಎಂಬ ಹೊಸ ಹೆಸರನ್ನು ಪಡೆಯಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು. ಆದರೂ ಬಿಡಿಭಾಗಗಳು ಇಂದಿಗೂ ಸಿಕ್ಕುತ್ತವೆ. ಇಲ್ಲದಿದ್ದರೆ ನಮ್ಮ ಸಾಹಸವು ಮೊದಲ ವಾರದಲ್ಲಿಯೇ ಮುಗಿಯುತ್ತಿದ್ದಿತು.

ಎಂಜಿನ್ನು ಕದಲುತ್ತಿರಲಿಲ್ಲ. ತುಕ್ಕು ಹಿಡಿದು ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿದ್ದಿತು. ಬಲಪ್ರಯೋಗ ಮಾಡಿದರೆ ಒಡೆಯುವುದೇ ಸರಿ. ಆದುದರಿಂದ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಡೀಸೆಲ್ಲನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಹೊಯ್ದು ಒಂಬತ್ತು ದಿನ ಸುಮ್ಮನೆ ಬಿಟ್ಟೆವು. ಹತ್ತನೆಯ ದಿನ ಗಾಡಿಯನ್ನು ಗೇರಿನಲ್ಲಿಟ್ಟು, ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಮೆಲ್ಲನೆ ತೂಗಿದಾಗ ಒಳಗೆ ಕೂದಲೆಳೆಯಷ್ಟು ಏನೋ ಸರಿಯಿತು. ಅಂದು ನಮಗಾದ ಸಂತೋಷವನ್ನು ಕಂಡು ಮನೆಯಾಕೆಗೆ ಕೊಂಚ ಗಾಬರಿಯೇ ಆಯಿತು.

ಈ ಬಗೆಯ ಎಂಜಿನ್ನನ್ನು ಕಾಣದ ವಾಚಕರಿಗಾಗಿ ಅದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಈಗಿನ ಗಾಡಿಗಳಲ್ಲಿ ಪಿಸ್ಟನ್ನು ಎರಡು ಸಲ ಏರಿಳಿದರೆ ಒಂದು ಸಲ ಬೆಂಕಿ ಹೊತ್ತುತ್ತದೆ. ಇದರಲ್ಲಿ ಒಂದೇ ಸಲಕ್ಕೆ. ಬಾಗಿಲು ತೆರೆದು ಮುಚ್ಚುವ ವಾಲ್ವುಗಳು ಇದರಲ್ಲಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಅವುಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲು ಮತ್ತು ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ನೂಕಲ್ಪಡುತ್ತವೆ. ಆ ಕೋಣೆಯಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲವಾದುದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ 40 ಮಿಲಿಲೀಟರು. ಎಂಜಿನ್ನು ಹೊಸತಾಗಿ ಪಳಗುತ್ತಿರುವಾಗ 50. ತೀರ್ಥರೂಪರು ಇದಕ್ಕಾಗಿ ಒಂದು ಟಾನಿಕ್ ಶೀಸೆಯನ್ನು ಇಟ್ಟುಕೊಂಡು, ಅದಕ್ಕೆ ಕಾಗದದ ಪಟ್ಟಿಯನ್ನು ಅಂಟಿಸಿ, ಗೆರೆಗಳನ್ನು ಹಾಕಿದ್ದರು. ಪೆಟ್ರೋಲಿಗೆ ಹೋಗುವಾಗಲೆಲ್ಲ ಅದು ಅವರ ಜೇಬಿನಲ್ಲಿ ಇರಬೇಕು. ಮನೆಯನ್ನೆಲ್ಲ ಜಾಲಾಡಿದರೂ ಆ ಶೀಸೆ ನಮಗೆ ಸಿಕ್ಕಲಿಲ್ಲ.

ಸಿಲಿಂಡರನ್ನು ಲೇತಿನ ಅಂಗಡಿಯಲ್ಲಿ ಬೋರು ಮಾಡಿಸಿದೆವು. ಮೂಲದಲ್ಲಿ 65 ಮಿಲಿಮೀಟರು ಅಗಲವಿದ್ದುದು 65.5 ಆಯಿತು, ಅದಕ್ಕೆ ತಕ್ಕ ಪಿಸ್ಟನ್ನನ್ನು ತಂದೆವು. ಇದರ ರಿಂಗುಗಳ ತುದಿಗಳು ಕಿಂಡಿಗೆ ಸಿಕ್ಕಿ ಮುರಿಯದಿರಲೆಂದು ಪಿಸ್ಟನ್ನಿನಲ್ಲಿ ಸಣ್ಣ ಮೊಳೆಗಳಿರುತ್ತವೆ. ರಿಂಗಿನ ಬಾಯಿ ಆ ಮೊಳೆಯ ಮೇಲೆಯೇ ಕೂಡಬೇಕು. ಪಿಸ್ಟನ್ನಿನ ಪಿನ್ನನ್ನು ಹಿಡಿದಿಡುವ ಸಣ್ಣ ತಂತಿಯ ಬಳೆ ಕೈಜಾರಿ ಕೆಳಗಿನ ಕೋಣೆಗೆ ಬಿದ್ದರೆ ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಅದರ ಬಾಯಿಗೆ ಮನೆಯಾಕೆಯ ಹಳೆಯ ಸೀರೆಯ ತುಂಡನ್ನು ತುರುಕಿ ಆ ಅಪಾಯವನ್ನು ತಪ್ಪಿಸಿದೆವು.

ಪೆಟ್ರೋಲು ಟ್ಯಾಂಕಿನ ಒಳಗಿನ ತುಕ್ಕನ್ನು ತೆಗೆದ ಕೀರ್ತಿಯೂ ಆಕೆಗೇ ಸಲ್ಲಬೇಕು. ನಾವು ಯಾವುದೋ ದುಬಾರಿಯ ಆಮ್ಲವನ್ನು ತರುವ ಆಲೋಚನೆಯಲ್ಲಿದ್ದೆವು. “ಹಿತ್ತಾಳೆಯ ಕೊಳಗಕ್ಕೆ ಆಗುವುದು ನಿಮ್ಮ ಟ್ಯಾಂಕಿಗೆ ಏಕಾಗದು?” ಎಂದು ಕೇಳಿ, ಒಂದು ಕಿಲೋ ಹುಣಸೆಹಣ್ಣನ್ನು ಕುದಿಸಿ, ಹಿಂಡಿ, ಸೋಸಿ ಕೊಟ್ಟಳು. ಅದಕ್ಕೆ ನೀರನ್ನು ಬೆರೆಸಿ, ಟ್ಯಾಂಕಿನಲ್ಲಿ ತುಂಬಿ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ, ಮೂರು ದಿನ ಬೆಳಗೂ ಬೈಗೂ ಕುಲುಕಿದೆವು. ಹೊರಗೆ ಸುರಿದ ನೀರು ಮಸಿಯಂತೆ ಕಪ್ಪಾಗಿದ್ದಿತು. ಒಳಗೆ ದೀಪ ಹಿಡಿದು ನೋಡಿದರೆ ತಗಡು ಬೂದುಬಣ್ಣದಲ್ಲಿ ಶುಭ್ರವಾಗಿ ಕಂಡಿತು. ಕೂಡಲೇ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಎಣ್ಣೆಯನ್ನು ಸವರದಿದ್ದರೆ ಅದೇ ಸಂಜೆ ಮತ್ತೆ ತುಕ್ಕು ಹಿಡಿಯುತ್ತದೆ. ಆ ವಾರ ನಮ್ಮ ಮನೆಯ ಸಾರಿಗೆ ಟೊಮೆಟೊ ಹಣ್ಣೇ ಗತಿಯಾಯಿತು. ಸೈಲೆನ್ಸರಿನ ಒಳಕೊಳವೆಗಳ ಮಸಿಗೆ ಮಾತ್ರ ಕಾಸ್ಟಿಕ್ ಸೋಡವೇ ಬೇಕಾಯಿತು. ಅದು ಕೈಯನ್ನು ಸುಡುತ್ತದೆ, ಅಲ್ಯೂಮಿನಿಯಮ್ಮನ್ನು ಕರಗಿಸಿಬಿಡುತ್ತದೆ, ಪಿಸ್ಟನ್ನನ್ನಾಗಲಿ ಅಡಿಗೆಯ ಪಾತ್ರೆಯನ್ನಾಗಲಿ ಅದರ ಹತ್ತಿರ ತರಬಾರದು.

ವೈರುಗಳು, ಬ್ರೇಕು, ಟೈರು ಇವುಗಳ ಕಥೆ ಬೇಡ. ದುಡ್ಡು ಖರ್ಚಾಯಿತು, ಕೆಲಸವಾಯಿತು.

2023ರ ಜನವರಿಯಲ್ಲಿ ಎಂಜಿನ್ನು ಮಾತಾಡಿತು. ಅದರೊಡನೆಯೇ ಬಿಳಿಯ ಹೊಗೆ ಎದ್ದು ಬೀದಿಯನ್ನೆಲ್ಲ ಮುಚ್ಚಿತು. ಎದುರು ಮನೆಯವರು ಒಣಹಾಕಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಎರಡು ತಿಂಗಳು ಕಾರ್ಬೊರೇಟರನ್ನು ತಿರುಗಿಸಿದ್ದೇ ತಿರುಗಿಸಿದ್ದು. ಒಬ್ಬ ಮೇಸ್ತ್ರಿ ರಿಂಗಿನ ದೋಷವೆಂದನು. ಇನ್ನೊಬ್ಬನು, ಹಳೆಯ ಗಾಡಿ ಸ್ವಾಮಿ, ಹೊಗೆ ಬಾರದೆ ಇರುತ್ತದೆಯೇ ಎಂದನು.

ಇಷ್ಟರಲ್ಲಿ ಬೇರೊಂದು ತೊಡಕು ಎದುರಾಯಿತು. ಗಾಡಿಯ ನೋಂದಣಿ ತೀರ್ಥರೂಪರ ಹೆಸರಿನಲ್ಲಿ, ಎಂವೈ ಅಕ್ಷರಗಳಲ್ಲಿ, ಅವಧಿ ಮುಗಿದು ನಿಂತಿದ್ದಿತು. ಅದು ನಮ್ಮ ಹೆಸರಿಗೆ ಬರಬೇಕಾದರೆ ಇನ್ನೊಬ್ಬ ವಾರಸುದಾರರ ಒಪ್ಪಿಗೆಯನ್ನು ಬರೆಯಿಸಿ ತರಬೇಕೆಂದು ಕಚೇರಿಯಲ್ಲಿ ಹೇಳಿದರು. ವಾರಸುದಾರರೆಂದರೆ ಅಣ್ಣಯ್ಯನವರೇ. ಕೇಳಿದಾಗ ಕೊಡಲೊಲ್ಲದ ವಸ್ತುವಿಗಾಗಿ ಈಗ ಅವರ ರುಜುವನ್ನೇ ಕೇಳಬೇಕು! ನಾಲ್ಕು ಸಲ ಕಾಗದವನ್ನು ಬರೆದು ಹರಿದು, ಐದನೆಯ ಸಲ ಕಳುಹಿಸಿದೆವು.

ಉತ್ತರ ಬರಲಿಲ್ಲ. ಅವರೇ ಅತ್ತಿಗೆಯವರೊಡನೆ ಬಸ್ಸಿನಲ್ಲಿ ಬಂದಿಳಿದರು. ಕಾಫಿಗೂ ಮೊದಲೇ “ಎಲ್ಲಿ, ಆ ಕಾಗದವನ್ನು ಕೊಡು” ಎಂದು ರುಜು ಮಾಡಿದರು. ಆಮೇಲೆ ಕೊಟ್ಟಿಗೆಗೆ ಹೋಗಿ ಮೊದಲು ತಲೆಯೆತ್ತಿ ಮಾಡನ್ನು ನೋಡಿದರು.

“ಹೆಂಚು ಹಾಕಿಸಿದೆಯೋ?”

“ಹಾಕಿಸಿಯಾಯಿತು, ಅಣ್ಣಯ್ಯ.”

ಆ ವಿಷಯವಾಗಿ ನಮ್ಮಿಬ್ಬರೊಳಗೆ ನಡೆದ ಮಾತು ಇಷ್ಟೇ. ಎಂಜಿನ್ನನ್ನು ಚಾಲೂ ಮಾಡಿಸಿ, ಹೊಗೆಯನ್ನು ಒಂದು ಸಲ ಮೂಸಿ, “ಗೇರಿನ ಎಣ್ಣೆಯನ್ನು ಅಳೆದು ನೋಡು” ಎಂದರು. ಇಳಿಸಿ ಅಳೆದರೆ ಹಾಕಿದುದರಲ್ಲಿ ಮೂರರಲ್ಲೊಂದು ಪಾಲು ಮಾಯವಾಗಿದ್ದಿತು. “ಅದೇ ಹೊಗೆಯಾಗುತ್ತಿರುವುದು. ಎಡಗಡೆಯ ಸೀಲನ್ನು ಬದಲಾಯಿಸಿದೆಯಾ?”

ನಾವು ಬದಲಾಯಿಸಿರಲಿಲ್ಲ. ನೋಡಲು ಚೆನ್ನಾಗಿದೆಯೆಂದು, ಉಳಿತಾಯವಾಗಲೆಂದು, ಹಳೆಯದನ್ನೇ ಕೂಡಿಸಿದ್ದೆವು. ಪಿಸ್ಟನ್ನಿನ ಕೆಳಗಿನ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕೆಂದು ಮೇಲೆ ಉಪನ್ಯಾಸವನ್ನು ಮಾಡುವಷ್ಟು ತಿಳಿದಿದ್ದ ನಮಗೆ, ಆ ಕೋಣೆಗೂ ಕ್ಲಚ್ಚಿನ ಎಣ್ಣೆಗೂ ನಡುವೆ ಒಂದು ರಬ್ಬರಿನ ತುಟಿ ಮಾತ್ರವೇ ಇರುವುದು ಹೊಳೆದಿರಲಿಲ್ಲ. ಅದು ಗಡುಸಾದರೆ ಎಂಜಿನ್ನು ಆ ಎಣ್ಣೆಯನ್ನು ಹೀರಿ ಸುಡುತ್ತದೆ. ಅಂದು ಮತ್ತು ಮರುದಿನ ಸಂಜೆ ಇಬ್ಬರೂ ಸೇರಿ ಎಡಗಡೆಯ ಮುಚ್ಚಳವನ್ನೂ ಕ್ಲಚ್ಚನ್ನೂ ಕಳಚಿ ಹೊಸ ಸೀಲನ್ನು ಕೂಡಿಸಿದೆವು. ಸ್ಪ್ಯಾನರನ್ನು ಅವರು ಹಿಡಿದರು. ದೀಪವನ್ನು ನಾವು ಹಿಡಿದೆವು.

ಕಾಗದಪತ್ರಗಳು ಕೈಗೆ ಬಂದುದು ಜೂನ್ ತಿಂಗಳಿನಲ್ಲಿ. ಆ ಭಾನುವಾರ ಅಣ್ಣಯ್ಯನವರನ್ನು ಕರೆಯಿಸಿ, ಮೊದಲ ಸವಾರಿ ನಿಮ್ಮದೇ ಎಂದೆವು. ಈ ಗಾಡಿಯಲ್ಲಿ ಗೇರಿನ ಕೀಲೇ ಕಿಕ್ಕಿನ ಕೀಲೂ ಹೌದು. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಬೇಕು. ಅರವತ್ತೆಂಟರ ವಯಸ್ಸಿನಲ್ಲಿಯೂ ಅವರ ಕಾಲು ನೋಡದೆಯೇ ಅದನ್ನು ಮಾಡಿತು. ಬೀದಿಯ ಕೊನೆಯವರೆಗೆ ಹೋಗಿ ಬರುವೆನೆಂದು ಹೊರಟರು.

ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಎಲೆ ಹಾಕಿದ್ದು ಹಾಕಿದಂತೆಯೇ ಇದ್ದಿತು. ಅತ್ತಿಗೆಯವರು ನಾಲ್ಕು ಸಲ ಬಾಗಿಲಿಗೆ ಬಂದು ಹೋದರು. ಟ್ಯಾಂಕಿನಲ್ಲಿ ನಾವು ಹಾಕಿದ್ದುದು ಬರೀ ಒಂದು ಲೀಟರು. ಕಡೆಗೆ ತಿರುವಿನಲ್ಲಿ ಆ ಟಪಟಪ ಸದ್ದು ಕೇಳಿಸಿತು. ಶ್ರೀರಂಗಪಟ್ಟಣದವರೆಗೆ ಹೋಗಿದ್ದರಂತೆ.

“ಪೆಟ್ರೋಲು?” ಎಂದೆವು.

“ದಾರಿಯಲ್ಲಿ ಹಾಕಿಸಿದೆ.”

“ಅಯ್ಯೋ, ಬರೀ ಪೆಟ್ರೋಲನ್ನೇ?”

ಅವರು ಗಾಡಿಯಿಂದ ಇಳಿದು, ಅಂಗಿಯ ಜೇಬಿನಿಂದ ಒಂದು ಶೀಸೆಯನ್ನು ತೆಗೆದು ನಮ್ಮ ಕೈಯಲ್ಲಿಟ್ಟರು. ಕಾಗದದ ಪಟ್ಟಿ ಎಣ್ಣೆಯಿಂದ ಕಂದಿಹೋಗಿದ್ದಿತು. ಗೆರೆಗಳು ಮಾತ್ರ ಇನ್ನೂ ಕಾಣುತ್ತಿದ್ದವು.