ಅರ್ಕಾವತ್ತಿನ ದೂರು

ರಜೆಗೆ ಇಟ್ಟಿಗಿಗೆ ಬಂದರೂ ನನ್ನ ವಾಕ್ಯಗಳು ಲ್ಯಾಪ್‌ಟಾಪಿನಲ್ಲಿ ಜೊತೆಗೇ ಬರುತ್ತವೆ. ಮುಕ್ತ ತಂತ್ರಾಂಶಗಳ ಬಳಕೆದಾರರು ಬರೆದ ಸಾವಿರಾರು ಸಾಲುಗಳು. ಒಂದೊಂದನ್ನೂ ಓದಿ, ತಂತ್ರಾಂಶದಿಂದ ಏನಾದರೂ ಬೇಕೆಂದು ಕೇಳಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಹಾಕಬೇಕು. ಹಾಗೆ ಗುರುತಿಟ್ಟದ್ದನ್ನು ನೋಡಿ ಯಂತ್ರ ಕಲಿಯುತ್ತದೆ. ಸದ್ಯಕ್ಕೆ ನನ್ನ ಪಿಎಚ್‌ಡಿ ಎಂದರೆ ಇಷ್ಟೇ.

ಕಂಪನಿಗಳಲ್ಲಿ ಇಂಥ ಬೇಡಿಕೆಗಳಿಗೆ ದಸ್ತಾವೇಜು ಇರುತ್ತದೆ. ಥೇಟ್ ನಮ್ಮ ಗೆಜೆಟ್ಟಿನ ಭಾಷೆ: ತಂತ್ರಾಂಶವು ಹೀಗೆ ಮಾಡತಕ್ಕದ್ದು. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ 'ಪ್ರಾಮಿಸ್' ಸಂಗ್ರಹದ 625 ವಾಕ್ಯಗಳೂ ಬಹುಪಾಲು ಇದೇ ಧಾಟಿಯವು. ಮುಕ್ತ ತಂತ್ರಾಂಶದಲ್ಲಿ 'ತಕ್ಕದ್ದು' ಅನ್ನುವವರು ಕಡಿಮೆ. ಅಲ್ಲಿ ಬೇಡಿಕೆ ಹುಟ್ಟುವುದು ಮಿಂಚಂಚೆ, ಚರ್ಚೆ, ದೂರುಗಳ ನಡುವೆ ಎಂದು ವಾಲ್ಟ್ ಸ್ಕಾಕಿ 2002ರಲ್ಲೇ ಬರೆದಿದ್ದರು. ಸೆಮಿನಾರಿನಲ್ಲಿ ಇದನ್ನೇ ಹೇಳಿ ನಾನು ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಹಳೆಯ ವಿದ್ಯಾರ್ಥಿನಿಗೊಂದು ಅಭಿನಂದನಾ ಪತ್ರ ಟೈಪ್ ಮಾಡುತ್ತಿದ್ದವರು ನಡುವೆ ನಿಂತರು.

"ರಕಾರ ಮುಂದ ಬರದಿದ್ದೆ ತಮ್ಮಾ, ಬಾಲ ಆಗಿ ಹಿಂದ್ಯಾಕ ಹೋತು?"

ಪರದೆಯ ಮೇಲೆ 'ರ್ಯಾಂಕ್' ಇತ್ತು. ಅವರಿಗೆ ಬೇಕಿದ್ದದ್ದು 'ರ‍್ಯಾಂಕ್'. 'ಸೂರ್ಯ'ದಲ್ಲಿ ಅರ್ಕಾವತ್ತು ಸರಿ; ಪದದ ಮೊದಲಿಗೆ ಬಂದರೆ ಕಣ್ಣಿಗೆ ಚುಚ್ಚುತ್ತದೆ. ಯುನಿಕೋಡಿನಲ್ಲಿ ಇದಕ್ಕೆ ದಾರಿಯಿದೆ: ರ ಮತ್ತು ಹಲಂತದ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಸಂಕೇತ ಇಡಬೇಕು. ಆದರೆ ಆ ಸಂಕೇತವಿರುವ ಪದ, ಇಲ್ಲದ ಪದ ಕಂಪ್ಯೂಟರಿಗೆ ಎರಡು ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು.

ಇದನ್ನೆಲ್ಲ ವಿವರಿಸುತ್ತಿದ್ದಾಗ ನನ್ನ ಪಟ್ಟಿಯ ಒಂದು ಸಾಲು ನೆನಪಾಯಿತು. ಅಕ್ಷರ ಹಿಂದೆ ಓಡುತ್ತೆ, ಇಲ್ಲಿ ಕನ್ನಡದವರು ಯಾರೂ ಇಲ್ವಾ ಎಂದು ಯಾರೋ ರೇಗಿದ್ದರು. ಬರೀ ಸಿಟ್ಟು ಎಂದುಕೊಂಡು ಸೊನ್ನೆ ಹಾಕಿದ್ದೆ. 'ಬೇಕು' ಎಂಬ ಪದ ಅದರಲ್ಲಿ ಇರಲಿಲ್ಲವಲ್ಲ. ಅಪ್ಪನ ಮಾತಿನಲ್ಲೂ ಇರಲಿಲ್ಲ.

ತಿದ್ದಬೇಕಾದದ್ದು ಆ ಒಂದು ಸಾಲಾಗಿದ್ದರೆ ಸುಮ್ಮನೆ ತಿದ್ದಿಬಿಡುತ್ತಿದ್ದೆ. ಆದರೆ ಸೊನ್ನೆ ಹಾಕಿದ್ದನ್ನೆಲ್ಲ ಮತ್ತೆ ಓದಬೇಕು. ಯಂತ್ರದ ಅಂಕ ಇಳಿಯುತ್ತದೆ, ಬರೆದಿಟ್ಟ ಪ್ರಬಂಧ ಈ ಸಲದ ಗಡುವಿಗೆ ಹೋಗುವುದಿಲ್ಲ. ನನ್ನ ಮಾರ್ಗದರ್ಶಕರಿಗೆ ಅಂದು ರಾತ್ರಿಯೇ ಬರೆದೆ, ಎರಡು ಸಲ ಅಳಿಸಿ.

ಅಪ್ಪನಿಗೆ ಕಾಣದ ಸಂಕೇತ ಒಗ್ಗಲಿಲ್ಲ. ಆ ಪದದ ಜಾಗ ಖಾಲಿ ಬಿಟ್ಟು ಪ್ರಿಂಟ್ ತೆಗೆಸಿಕೊಂಡು ಬಂದರು. ಅದನ್ನು ಪೆನ್ನಿನಲ್ಲಿ, ದುಂಡಗೆ ಬರೆದರು.