ಎರಡು ಆದೇಶ, ಐದು ಡೋಸ್

2025ರ ಆಗಸ್ಟ್ 8. ರಾತ್ರಿ ಹತ್ತಕ್ಕೆ ಲೈಬ್ರರಿಯಿಂದ ಹೊರಟು ಬತ್ರಾ ಸಿನಿಮಾ ದಾಟಿ ಪಿಜಿಯ ಗಲ್ಲಿಗೆ ತಿರುಗಿದ್ದೆ. ಕತ್ತಲಿಂದ ಬಂದ ನಾಯಿ ಬೊಗಳಲೂ ಇಲ್ಲ, ಮೀನಖಂಡಕ್ಕೆ ಬಾಯಿ ಹಾಕಿತು.

ಆಸ್ಪತ್ರೆಯಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿ ಕೆಳಗೆ ಕಾಲು ಹಿಡಿಸಿದರು. ಗಾಯದ ಸುತ್ತ ಸೀರಮ್, ತೋಳಿಗೆ ಮೊದಲ ಡೋಸ್. ಉಳಿದವು 3, 7, 14, 28ನೇ ದಿನಕ್ಕೆ. ಪಕ್ಕದಲ್ಲಿ ಮೋಮೋ ಗಾಡಿಯ ಹುಡುಗನೊಬ್ಬ ಕೂತಿದ್ದ. ಅವನ ಗಾಯಕ್ಕೆ ಯಾರೋ ಮೆಣಸಿನಪುಡಿ ಮೆತ್ತಿದ್ದರು.

ಎರಡನೇ ಡೋಸ್ ದಿನ, ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆದೇಶ ಬಂತು: ದೆಹಲಿ ಮತ್ತು ಸುತ್ತಲಿನ ಊರುಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಬೇಕು, ಮತ್ತೆ ಬೀದಿಗೆ ಬಿಡಬಾರದು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಲಬುರಗಿಯ ನನ್ನ ರೂಮ್‌ಮೇಟ್ ಗಲ್ಲಿಯ ಕಪ್ಪು ನಾಯಿಗೆ ದಿನಾ ಬಿಸ್ಕತ್ತು ಹಾಕುವವರು.

“ತಮ್ಮಾ, ಎಂಟು ವಾರದಾಗ ಇಷ್ಟು ನಾಯಿ ಎಲ್ಲಿ ಇಡ್ತಾರ? ಇವನ್ನ ಒಯ್ದರ ಬ್ಯಾರೇ ಕಡಿಂದ ಹೊಸಾವು ಬರ್ತಾವ.”

“ಕಚ್ಚಿಸಿಕೊಂಡಿದ್ದು ನಾನಣ್ಣ, ನೀವಲ್ಲ.”

ಅಲ್ಲಿಗೆ ಮಾತು ನಿಂತಿತು. ನಾನು ಆ ವರ್ಷ ಪ್ರಿಲಿಮ್ಸ್ ಫೇಲ್, ಅವರು ಮೇನ್ಸ್‌ಗೆ ಓದುತ್ತಿದ್ದವರು. ಆ ಹೊಟ್ಟೆಕಿಚ್ಚೂ ಸೇರಿತ್ತೇನೋ.

ಆಗಸ್ಟ್ 15ರಂದು ಹುಡುಗ ಡೋಸ್‌ಗೆ ಬರಲಿಲ್ಲ. ಗಮನಿಸಿದೆ, ಸುಮ್ಮನಾದೆ.

ಆಗಸ್ಟ್ 22ಕ್ಕೆ ನನ್ನ ನಾಲ್ಕನೇ ಡೋಸ್. ಅಣ್ಣನಿಗೆ ಮೇನ್ಸ್‌ನ ಪ್ರಬಂಧ ಪತ್ರಿಕೆ. ಅಂದೇ ಮೂವರು ನ್ಯಾಯಮೂರ್ತಿಗಳ ಪೀಠ ಹಿಂದಿನ ಆದೇಶ ಬದಲಿಸಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ, ಮೈಮೇಲೆ ಎರಗುವ ನಾಯಿಗಳನ್ನು ಬಿಡಬಾರದು. ಊಟ ಹಾಕಲು ವಾರ್ಡಿನಲ್ಲಿ ಜಾಗ ಗುರುತಿಸಬೇಕು. ಇಬ್ಬರ ವಾದಕ್ಕೂ ಅದರಲ್ಲಿ ಜಾಗವಿತ್ತು. ಹುಡುಗ ಮಾತ್ರ ಅಂದೂ ಬಂದಿರಲಿಲ್ಲ.

ಸಂಜೆ ಅಣ್ಣನಿಗೆ ಹೇಳಿದೆ. ಇಬ್ಬರೂ ಗಾಡಿ ಹುಡುಕಿ ಹೋದೆವು.

“ಗಾಯ ಮಾಗಿದೆಯಲ್ಲ ಭಯ್ಯಾ,” ಎಂದ ಹುಡುಗ. “ಸಂಜೆ ಗಾಡಿ ಬಿಟ್ಟರೆ ಕೂಲಿ ಹೋಗುತ್ತೆ.”

ರೇಬೀಸ್ ಗಾಯದಲ್ಲಿ ಕಾಣುವುದಿಲ್ಲ, ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ನನ್ನ ಹಿಂದಿಯಲ್ಲಿ ಹೇಳಲು ಒದ್ದಾಡುತ್ತಿದ್ದಾಗ ಅಣ್ಣ ಚಿಮಟ ಕೈಗೆತ್ತಿಕೊಂಡರು. “ನೀ ಇವನ್ನ ಕರ್ಕೊಂಡು ಹೋಗು. ಗಾಡಿ ನಾ ನೋಡ್ಕೋತೀನಿ.” ಮರುದಿನ ಬೆಳಗ್ಗೆ ಅವರಿಗೆ ಜಿಎಸ್ ಪತ್ರಿಕೆಯಿತ್ತು.

ತಪ್ಪಿದ ಡೋಸ್‌ನಿಂದಲೇ ಮುಂದುವರಿಸಿದರೆ ಸಾಕು ಎಂದರು ವೈದ್ಯರು. ಉಳಿದ ದಿನಾಂಕಗಳನ್ನು ನನ್ನ ಮೊಬೈಲಿಗೂ ಹಾಕಿಕೊಂಡೆ. ಪ್ರತಿ ಸಲವೂ ಜೊತೆಗೆ ಹೋದೆ.

ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಗಲ್ಲಿಯ ನಾಯಿಗಳನ್ನು ಎಣಿಸಿದೆವು. ಏಳರಲ್ಲಿ ನಾಲ್ಕಕ್ಕೆ ಮಾತ್ರ ಕಿವಿ ಕತ್ತರಿಸಿದ ಗುರುತು. ಅದು ಸಂತಾನಹರಣದ ಗುರುತಷ್ಟೇ. ರೇಬೀಸ್ ಲಸಿಕೆಯನ್ನು ಮತ್ತೆ ಮತ್ತೆ ಹಾಕುತ್ತಿರಬೇಕು. 100ರಲ್ಲಿ 70 ನಾಯಿಗಳಿಗೆ ಅದು ತಪ್ಪದೆ ಸಿಕ್ಕರೆ ರೋಗ ಹರಡುವುದು ನಿಲ್ಲುತ್ತದಂತೆ. ಉಳಿದ ಮೂರರ ಫೋಟೊ, ಜಾಗ ಬರೆದು ಪಾಲಿಕೆಗೆ ದೂರು ಕೊಟ್ಟೆವು. ಬಿಸ್ಕತ್ತು ಈಗ ಪಿಜಿ ಬಾಗಿಲಲ್ಲಿ ಬೀಳುವುದಿಲ್ಲ, ಖಾಲಿ ಸೈಟಿನ ಮೂಲೆಗೆ ಹೋಗಿದೆ.

ನನಗೆ ಇನ್ನೂ ಭಯ ಹೋಗಿಲ್ಲ. ರಾತ್ರಿ ಗಲ್ಲಿಗೆ ತಿರುಗುವ ಮುನ್ನ ಟಾರ್ಚ್ ಹಾಕಿ ಮೊದಲು ಕಿವಿ ನೋಡುತ್ತೇನೆ.